ಉಟ್ಟ ಬಟ್ಟೆ, ಇಟ್ಟ ಬಟ್ಟೆ

ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಬಂದು ಪದ್ಮಶ್ರೀ ಸ್ವೀಕರಿಸಿದಾಗ ದೇಶವೆಲ್ಲ ಅವರ ಉಡುಗೆಯತ್ತ ಕಣ್ಣರಳಿಸಿತು. ರವಿಕೆಯಿಲ್ಲದೆ ಉಟ್ಟ ಸೀರೆ, ಕೊರಳ ತುಂಬ ಮಣಿಸರ. ನಮ್ಮ ಕಡೆಯವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಸಂತೆಯಲ್ಲಿ ಹರಿವೆ ಸೊಪ್ಪಿನ ಸೂಡಿ ಮಾರುವ ಹಾಲಕ್ಕಿ ಸಮುದಾಯದ ಅಜ್ಜಿಯನ್ನು ಕಂಡೇ ಬೆಳೆದವರು ನಾವು. 2024ರ ಡಿಸೆಂಬರ್‌ನಲ್ಲಿ ತುಳಸಜ್ಜಿ ಹೋದರು. ಎರಡು ತಿಂಗಳು ಕಳೆಯುವುದರೊಳಗೆ ಬಡಗೇರಿಯ ಸುಕ್ರಜ್ಜಿ, ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಎಳೆಯ ಹೆಣ್ಣುಮಕ್ಕಳು ಈ ಉಡುಗೆಯನ್ನು ಹಬ್ಬ, ವೇದಿಕೆಗಳಿಗಷ್ಟೇ ಇಟ್ಟುಕೊಂಡಿದ್ದಾರೆ. ಮುಂದೆ ಇದನ್ನು ಗಾಜಿನ ಹಿಂದೆ ನೋಡುವವರೇ ಹೆಚ್ಚಾಗುತ್ತಾರೆ. ಹಾಗಾಗಿ ಉಡುಗೆಯ ಸಂಗ್ರಹಾಲಯಕ್ಕೆ ಹೋದಾಗ ಏನನ್ನು ನೋಡಬೇಕು ಎಂಬುದು ತಿಳಿದಿರಲಿ.

ಮೊದಲು ನೋಡಬೇಕಾದದ್ದು ಗಂಟು. ಹಾಲಕ್ಕಿ ಹೆಂಗಸರ ಸೀರೆ ಅಂಗಡಿಯಲ್ಲಿ ಸಿಗುವ ಸಾದಾ ಹತ್ತಿ ಸೀರೆಯೇ ಇರಬಹುದು. ಅದನ್ನು ಹಾಲಕ್ಕಿ ಉಡುಗೆ ಮಾಡುವುದು ಗೇಟಿ ಕಟ್ಟುವ ರೀತಿ. ಸೊಂಟಕ್ಕೆ ಸುತ್ತಿ, ಎದೆಯ ಮೇಲೆ ಬಿಗಿಯಾಗಿ ತಂದು, ಹೆಗಲ ಬಳಿ ಗಂಟು ಹಾಕುತ್ತಾರೆ. ಬೆನ್ನು ಬಯಲಾಗಿರುತ್ತದೆ, ಅಂಚು ಕಣಕಾಲಿಗಿಂತ ಮೇಲೆ ನಿಲ್ಲುತ್ತದೆ. ಕೆಸರುಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುವವಳಿಗೆ ಜಾರುವ ಸೆರಗು ಇರಬಾರದು, ನೆನೆಯುವ ಅಂಚು ಇರಬಾರದು. ಎರಡಕ್ಕೂ ಉತ್ತರ ಆ ಒಂದು ಗಂಟಿನಲ್ಲಿದೆ. ಮಣಿಸರಗಳ ವಿಷಯವೂ ಹೀಗೆಯೇ. ಗಂಟಲಿನಿಂದ ಎದೆಯವರೆಗೆ ಪದರ ಪದರವಾಗಿ ಬರುವ ಕರಿಮಣಿ, ಬಣ್ಣದ ಮಣಿಗಳ ರಾಶಿಯಲ್ಲಿ ಬಿಗಿಯಾದ ಸರ ಮೇಲೆ, ಸಡಿಲಾದದ್ದು ಕೆಳಗೆ. ಹತ್ತಿರ ಹೋದರೆ ಮಣಿಗಿಂತ ದಾರದ ಮೇಲೆ ಕಣ್ಣಿಡಿ: ದಾರ ಹೊಸದಾಗಿದ್ದು ಮಣಿ ಸವೆದಿದ್ದರೆ ಆ ಸರವನ್ನು ಮತ್ತೆ ಪೋಣಿಸಿದ್ದಾರೆಂದೇ ಅರ್ಥ.

ಮಡಿಸಿಟ್ಟ ಸೀರೆಯಲ್ಲಿ ಗಂಟು ಕಾಣುವುದಿಲ್ಲ. ಹೊಲಿದ ಅಂಗಿಗೆ ಆಕಾರ ಅದರಲ್ಲೇ ಇರುತ್ತದೆ, ಸೀರೆಗೆ ಆಕಾರ ಕೊಡುವುದು ಉಡುವ ಕೈ. ಕಾರವಾರದ ಟ್ಯಾಗೋರ್ ಕಡಲತೀರದ ರಾಕ್ ಗಾರ್ಡನ್‌ನಲ್ಲಿ ಜಿಲ್ಲೆಯ ಬುಡಕಟ್ಟುಗಳ ಆಳೆತ್ತರದ ಪ್ರತಿಮೆಗಳಿವೆ. ಉಡುಗೆಯ ಒಟ್ಟು ನಿಲುವು ತಿಳಿಯಲು, ಮಕ್ಕಳಿಗೆ ಯಾರು ಯಾರು ಎಂದು ತೋರಿಸಲು ಅವು ಒಳ್ಳೆಯವು. ಆದರೆ ಪ್ರತಿಮೆಯ ಬಟ್ಟೆಯಲ್ಲಿ ನೂಲಿಲ್ಲ. ಅಲ್ಲಿಂದ ಭಾನುವಾರದ ಸಂತೆಗೆ ಬನ್ನಿ. ಗೇಟಿ ಕಟ್ಟಿದ ಅಜ್ಜಿ ಸಿಕ್ಕರೆ ಮೊದಲು ಸೊಪ್ಪು ಕೊಳ್ಳಿ, ಮಾತಾಡಿಸಿ, ಫೋಟೊ ತೆಗೆಯಬಹುದೇ ಎಂದು ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಅವರು ಪ್ರದರ್ಶನಕ್ಕೆ ಕುಳಿತವರಲ್ಲ.

ಸುಗ್ಗಿ ಕುಣಿತದ ವೇಷವಂತೂ ಅದರ ಕಾಲದಲ್ಲೇ ನೋಡಬೇಕು. ಬೆಂಡು, ಬಣ್ಣದ ಕಾಗದಗಳಿಂದ ಕಟ್ಟಿದ ತುರಾಯಿ ಹೊತ್ತ ಹಾಲಕ್ಕಿ ಗಂಡಸರು ಹೋಳಿಯ ದಿನಗಳಲ್ಲಿ ಅಂಕೋಲೆಯ ಬೆಳಂಬಾರದಂಥ ಊರುಗಳಲ್ಲಿ ಕುಣಿಯುತ್ತಾರೆ. ತುರಾಯಿಯ ಚೆಂದವಿರುವುದು ಅದು ಅಲುಗುವುದರಲ್ಲಿ. ಕಪಾಟಿನಲ್ಲಿಟ್ಟರೆ ಅರ್ಧ ಹೋಯಿತು.

ಇನ್ನು ಸಂಗ್ರಹಾಲಯದ ಒಳಗೆ. ಬಟ್ಟೆಯ ಕೋಣೆ ಯಾಕಿಷ್ಟು ಕತ್ತಲೆ ಎಂದು ಹಲವರು ಗೊಣಗುತ್ತಾರೆ. ಬೆಳಕು ಬಣ್ಣವನ್ನು ತಿನ್ನುತ್ತದೆ, ನೂಲನ್ನು ಕುಂದಿಸುತ್ತದೆ. ಒಮ್ಮೆ ಹೋದ ಬಣ್ಣ ಕತ್ತಲಲ್ಲಿಟ್ಟರೆ ಮರಳುವುದಿಲ್ಲ. ಅದಕ್ಕೇ ಹಳೆಯ ಜವಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ ಎಂಬ ರೂಢಿ ಜಗತ್ತಿನ ಸಂಗ್ರಹಾಲಯಗಳಲ್ಲಿದೆ. ಒಳಹೊಕ್ಕ ಕೂಡಲೇ ಗಾಜಿಗೆ ಮುಖ ಒತ್ತಬೇಡಿ. ಐದು ನಿಮಿಷ ನಿಂತರೆ ಕಣ್ಣು ಒಗ್ಗುತ್ತದೆ, ನೇಯ್ಗೆ ತಾನಾಗಿ ಕಾಣುತ್ತದೆ. ಮುಟ್ಟಬೇಡಿ ಎನ್ನುವುದೂ ಸುಮ್ಮನೆ ಅಲ್ಲ: ಬೆರಳಿನ ಬೆವರು, ಎಣ್ಣೆ ಹತ್ತಿಯಲ್ಲಿ ಇಳಿದು ವರ್ಷಗಳ ನಂತರ ಕಲೆಯಾಗಿ ಏಳುತ್ತದೆ.

ಎಲ್ಲಿಗೆ ಹೋಗಬಹುದು? ಗಡಿಯಾಚೆ ಗೋವಾದ ಕೊಲ್ವಾಳದಲ್ಲಿ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ (1960–2020) ತಮ್ಮ ಹಳೆಯ ಮನೆಯನ್ನೇ ಮೋಡಾ ಗೋವಾ ಎಂಬ ಉಡುಗೆ ಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟರು. ಕೆಂಪು ಚೌಕುಳಿಯ ಕುಣಬಿ ಸೀರೆಗೆ ಮರುಜೀವ ಕೊಟ್ಟವರು ಅವರು. ನಮ್ಮ ಜೋಯಿಡಾದ ಕುಣಬಿಯರನ್ನು ಬಲ್ಲವರಿಗೆ ಆ ಸೀರೆ ದೂರದ್ದೆನಿಸದು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಎರಡರಲ್ಲೂ ಬದುಕಿನ ಉಳಿದ ವಸ್ತುಗಳ ಜೊತೆಗೇ ವೇಷಭೂಷಣ ಸಿಗುತ್ತದೆ. ಜವಳಿಯೊಂದನ್ನೇ ಆಳವಾಗಿ ನೋಡಬೇಕೆಂದರೆ 1949ರಲ್ಲಿ ಶುರುವಾದ ಅಹಮದಾಬಾದಿನ ಕ್ಯಾಲಿಕೊ ಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಮುಂಗಡ ಬುಕಿಂಗ್ ಇಲ್ಲದೆ ಪ್ರವೇಶವಿಲ್ಲ. ಎಲ್ಲಿಗೇ ಆದರೂ ತೆರೆದಿದೆಯೇ, ಯಾವ ದಿನ ರಜೆ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಹೋಗುವಾಗ ಕಾರವಾರದ ಇನ್ನೊಂದು ಕಥೆ ತಲೆಯಲ್ಲಿರಲಿ. 17ನೇ ಶತಮಾನದಲ್ಲಿ ಇಂಗ್ಲಿಷರು ಇಲ್ಲಿ ಕೋಠಿ ಹಾಕಿದ್ದು ಮೆಣಸಿಗಷ್ಟೇ ಅಲ್ಲ. ಪಶ್ಚಿಮ ಭಾರತದ ಅತಿ ನವಿರಾದ ಮಸ್ಲಿನ್, ಡುಂಗರಿ ಎಂಬ ಒರಟು ನೀಲಿ ಹತ್ತಿಬಟ್ಟೆ ಈ ಬಂದರಿನಿಂದ ಹಡಗು ಹತ್ತುತ್ತಿದ್ದವು. ನೇಯುತ್ತಿದ್ದವರು ಘಟ್ಟದ ಮೇಲೆ, ಹುಬ್ಬಳ್ಳಿ ಸೀಮೆಯಲ್ಲಿ. ಬಟ್ಟೆಯ ಪಕ್ಕದ ಫಲಕದಲ್ಲಿ ‘ಪಶ್ಚಿಮ ಕರಾವಳಿ’ ಎಂದಷ್ಟೇ ಬರೆದಿದ್ದರೆ ನೇಯ್ದ ಊರು ಯಾವುದು, ಸಾಗಿಸಿದ ಬಂದರು ಯಾವುದು ಎಂದು ಅಲ್ಲಿನವರನ್ನು ಕೇಳಿ. ಹೆಚ್ಚಿನ ಫಲಕಗಳು ನೇಕಾರನನ್ನು ಮರೆತಿರುತ್ತವೆ. ಇದು ನನಗೆ ದೊಡ್ಡ ಲೋಪವೆಂದೇ ಅನಿಸುತ್ತದೆ.

ಮನೆಯಲ್ಲೇ ಅಜ್ಜಿಯ ಸೀರೆ ಇದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಬೇಡಿ. ನಮ್ಮ ಮಳೆಗಾಲದ ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಗಂಜಿಯಿಲ್ಲದೆ ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ. ಗಂಜಿ ತಿನ್ನಲು ಹುಳು ಬರುತ್ತವೆ. ಮಳೆ ಹೋದ ಮೇಲೆ ಹೊರತೆಗೆದು ನೆರಳಲ್ಲಿ ಹರವಿ, ಹಳೆಯ ಗೆರೆ ತಪ್ಪಿಸಿ ಬೇರೆ ಮಡಿಕೆ ಹಾಕಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ಸೀರೆ ಆ ಗೆರೆಯಲ್ಲೇ ಸೀಳುತ್ತದೆ. ಉಡಲು ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ ಅವರು ಒಪ್ಪಿದ ದಿನ ಗಂಟು ಹಾಕುವುದನ್ನು ಮೊಬೈಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿ. ಯಾರ ಸೀರೆ, ಯಾವ ಊರು, ಯಾವಾಗ ಕೊಂಡದ್ದು ಎಂದು ಪೆನ್ಸಿಲಿನಲ್ಲಿ ಚೀಟಿ ಬರೆದು ಪಂಚೆಯ ಹೊರಮಡಿಕೆಯಲ್ಲಿಡಿ. ಶಾಯಿ ಬೇಡ, ತೇವಕ್ಕೆ ಹರಡಿ ಬಟ್ಟೆಗೆ ಇಳಿಯುತ್ತದೆ.