ರೋಮ್‌ಗೆ ಹೊರಟವರು ದುರ್ಗ ಸೇರಿದ್ದು

"ಹನಿಮೂನ್ ಎಲ್ಲಿಗೆ?" ಅಂತ ಕೇಳಿದವರಿಗೆಲ್ಲ ಮದುವೆಗೆ ಮುಂಚೆಯೇ "ರೋಮ್, ಫ್ಲಾರೆನ್ಸ್, ವೆನಿಸ್" ಅಂತ ಹೇಳಿಕೊಂಡು ಓಡಾಡಿದ್ದೆ. ಹಳೇ ಊರು, ಹಳೇ ಕಟ್ಟಡ, ಗೋಡೆ ಮೇಲಿನ ಚಿತ್ರ ಅಂದ್ರೆ ನನಗೆ ಕಾಲೇಜು ದಿನಗಳಿಂದಲೂ ಹುಚ್ಚು. ಮದುವೆಯಾಗಿ ನಾಲ್ಕನೇ ದಿನ ಟ್ರಾವೆಲ್ಸ್‌ನವರ ಫೋನ್ ಬಂತು. ವೀಸಾ ಸಮಯಕ್ಕೆ ಸಿಗೋದಿಲ್ಲ, ದುಡ್ಡಿನಲ್ಲಿ ಅರ್ಧ ವಾಪಸ್ ಬರಬಹುದು, "ಪ್ರೊಸೆಸ್‌ನಲ್ಲಿದೆ ಮೇಡಂ". ಆ ಪ್ರೊಸೆಸ್ ಇವತ್ತಿಗೂ ಮುಗಿದಿಲ್ಲ ಬಿಡಿ.

ಇಬ್ಬರಿಗೂ ರಜೆ ಮಂಜೂರಾಗಿತ್ತು. ಮನೆಯಲ್ಲಿ ಕೂತರೆ ಬಂದುಹೋಗುವ ನೆಂಟರು, ಅದೇ ಪ್ರಶ್ನೆ. ನಮ್ಮದು ದೊಡ್ಡವರು ನೋಡಿ ಮಾಡಿದ ಮದುವೆ. ಮೂರು ತಿಂಗಳು ಫೋನಲ್ಲಿ ಮಾತಾಡಿದ್ದರೂ "ಊಟ ಆಯ್ತಾ" ದಾಟಿ ಮುಂದೆ ಹೋಗಿದ್ದು ಕಡಿಮೆ. ಅವರು ಧಾರವಾಡದ ಕಡೆಯವರು. ನನ್ನನ್ನ "ನೀವು" ಅನ್ನೋರು, ನಾನೂ "ನೀವು" ಅನ್ನುತ್ತಿದ್ದೆ. ಒಳ್ಳೆಯವರೇ. ಆದರೆ ಬ್ಯಾಂಕಿನ ಸಾಲಿನಲ್ಲಿ ಪಕ್ಕ ನಿಂತವರ ಥರ!

ಅಮ್ಮ ಹೇಳಿದಳು: "ಸೊಂಟದ ಮೂಳೆ ಮುರಿದುಕೊಂಡು ಅಜ್ಜಿ ಮದುವೆಗೆ ಬರಲಿಲ್ಲ. ಹೊಳಲ್ಕೆರೆಗೆ ಹೋಗಿ ಕಾಲಿಗೆ ಬಿದ್ದು ಬನ್ನಿ." ಅಜ್ಜಿಗೆ ಫೋನ್ ಮಾಡಿದರೆ ಅವಳದು ಬೇರೆಯೇ ಲೆಕ್ಕ. "ಮೊದಲು ಹಿರಿಯೂರು, ದುರ್ಗ, ಹೊಸದುರ್ಗ ಎಲ್ಲಾ ತಿರುಗಿಕೊಂಡು ಬನ್ನಿ. ನಮ್ಮನೆಗೆ ಬಂದ್ಮೇಲೆ ಎರಡು ದಿನ ಬಿಡಲ್ಲ." ಹೀಗೆ ಇಟಲಿ ಬಿಟ್ಟು ಚಿತ್ರದುರ್ಗ ಜಿಲ್ಲೆಗೆ ಹೊರಟೆವು. ಹೊರಡುವಾಗ ನನ್ನ ಮುಖ ಹೇಗಿತ್ತೋ, ಅವರು ತುಮಕೂರು ದಾಟುವವರೆಗೂ ಮಾತೇ ಆಡಲಿಲ್ಲ.

ಹಿರಿಯೂರಿನ ತೇರು ಮಲ್ಲೇಶ್ವರ ದೇವಸ್ಥಾನಕ್ಕೆ ಹೋದಾಗ ಮಧ್ಯಾಹ್ನದ ಹತ್ತಿರ. ಹೆದ್ದಾರಿಯಲ್ಲಿ ಹೋಗುವವರು ಹಿರಿಯೂರನ್ನ ಕಾಫಿಗೆ ನಿಲ್ಲಿಸುವ ಊರು ಅಂದುಕೊಂಡಿರ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಒಳಗೆ ಮಂಟಪದ ಛಾವಣಿ ನೋಡಿ ಸುಮ್ಮನಾದೆ. ತಲೆ ಮೇಲೆ ಪುರಾಣದ ಕತೆಗಳ ಹಳೇ ವರ್ಣಚಿತ್ರ. ಬಣ್ಣ ಅಲ್ಲಲ್ಲಿ ಮಾಸಿದೆ, ಆದರೂ ಕಣ್ಣು ಹೊಂದಿಕೊಂಡ ಹಾಗೆ ಒಂದೊಂದೇ ಆಕೃತಿ ಕಾಣತೊಡಗುತ್ತೆ. ಹತ್ತು ನಿಮಿಷಕ್ಕೆ ಕತ್ತು ನೋಯತೊಡಗಿತು. "ರೋಮ್‌ನಾಗೂ ಹಿಂಗ ಕತ್ತು ಎತ್ತೇ ನೋಡಬೇಕಂತಲ್ರೀ" ಅಂದರು. ಮದುವೆಯಾದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಅಲ್ಲಿಂದ ವಾಣಿ ವಿಲಾಸ ಸಾಗರ. ಊರವರ ಬಾಯಲ್ಲಿ ಇವತ್ತಿಗೂ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಕನ್ನಂಬಾಡಿಗಿಂತ ಹಿರಿಯದು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ. 1933ರಲ್ಲಿ ತುಂಬಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲೇ. 89 ವರ್ಷ! ಬರದ ಸೀಮೆಯವರಿಗೆ ಕೋಡಿ ಅಂದ್ರೆ ಏನು ಅಂತ ಹೊರಗಿನವರಿಗೆ ಹೇಳಿದರೆ ಅರ್ಥವಾಗಲ್ಲ. 2022ರಲ್ಲಿ ನಮ್ಮ ಅಜ್ಜಿ ಟಿವಿ ಮುಂದೆ ಕೂತು ಅತ್ತಿದ್ದಳು, ಅವಳಮ್ಮ ಆ ಹಿಂದಿನ ಕೋಡಿಯ ಕತೆ ಹೇಳುತ್ತಿದ್ದಳಂತೆ. ಇದನ್ನ ನಾನು ಹೇಳುವಾಗ ಅವರು ನೀರನ್ನೇ ನೋಡುತ್ತಿದ್ದರು. "ನಮ್ಮ ಅವ್ವನೂ ಹಂಗ" ಅಂದರು, ಅಷ್ಟೇ. ಅತ್ತೆ ತೀರಿಹೋಗಿ ಎರಡು ವರ್ಷ ಆಗಿತ್ತು. ಅದರ ಬಗ್ಗೆ ಅವರ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡನೇ ದಿನ ದುರ್ಗದ ಕೋಟೆ. ಒಂದು ಮಾತು: ಬೆಳಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೇ ಒಳಗೆ ಹೋಗಿ. ಹತ್ತೂವರೆ ಆಗುತ್ತಲೇ ಬಂಡೆಗಳು ಕಾದ ಹೆಂಚು. ಶೂ ಇರಲಿ, ನೀರು ಇರಲಿ, ಕೋತಿಗಳ ಎದುರು ಚಿಪ್ಸ್ ಪ್ಯಾಕೆಟ್ ತೆಗೆಯಬೇಡಿ. ಗೈಡ್ ಇಟ್ಟುಕೊಂಡರೆ ಒಳ್ಳೇದು, ದುರ್ಗದ ಗೈಡ್‌ಗಳು ಮದಕರಿ ನಾಯಕನ ಕತೆಯನ್ನ ಮೊನ್ನೆ ಸಂತೆಯಲ್ಲಿ ಆಗಿದ್ದು ಅನ್ನೋ ಹಾಗೆ ಹೇಳ್ತಾರೆ.

ಏಳು ಸುತ್ತಿನ ಕೋಟೆ ಅಂತ ಚಿಕ್ಕಂದಿನಿಂದ ಕೇಳಿದ್ದೆ, ಶಾಲೆಯಿಂದ ಬಸ್ಸಲ್ಲಿ ಕರೆದುಕೊಂಡು ಬಂದು ತೋರಿಸಿದ್ದರು ಕೂಡ. ಆಗ ಕಂಡಿದ್ದು ಓಬವ್ವನ ಕಿಂಡಿ ಮಾತ್ರ. ಈ ಸಲ ಕಂಡಿದ್ದು ಗೋಡೆ. ಗಾರೆಯನ್ನೇ ನಂಬದೆ ಕಲ್ಲಿಗೆ ಕಲ್ಲು ಕಚ್ಚಿಸಿ ಏರಿಸಿದ ಗೋಡೆ, ಎಷ್ಟೋ ಕಡೆ ಎಲ್ಲಿ ಬೆಟ್ಟದ ಬಂಡೆ ಮುಗಿದು ಎಲ್ಲಿ ಕೋಟೆ ಶುರುವಾಯಿತು ಅಂತಲೇ ಗೊತ್ತಾಗಲ್ಲ. ಬಾಗಿಲುಗಳು ಒಂದರ ಎದುರು ಒಂದು ಇಲ್ಲ. ಒಳಗೆ ಬಂದವನು ತಿರುಗಲೇಬೇಕು, ತಿರುಗಿದವನು ಮೇಲಿನವರ ಕಣ್ಣಿಗೆ ಬೀಳಲೇಬೇಕು. ಮದ್ದು ಅರೆಯುತ್ತಿದ್ದ ದೈತ್ಯ ಬೀಸುಕಲ್ಲುಗಳಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ನೀರಿನ ವ್ಯವಸ್ಥೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಕಡೆ ಬೆಟ್ಟದ ಮೇಲೆ ಬಿದ್ದ ಹನಿಯನ್ನ ಇಷ್ಟು ಜೋಪಾನ ಮಾಡಿದ ಪಾಳೆಗಾರರ ಎದುರು, ಟ್ಯಾಂಕರ್‌ಗೆ ಫೋನ್ ಮಾಡುವ ನಮ್ಮ ಅಪಾರ್ಟ್‌ಮೆಂಟ್ ನೆನಪಾಗಿ ನಾಚಿಕೆಯಾಯಿತು. 1779ರಲ್ಲಿ ಹೈದರಾಲಿಗೆ ಕೋಟೆ ಸೋತಿತು. ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿದವರಿಗೆ ಇಲ್ಲಿ ಗಂಟಲು ಕಟ್ಟುತ್ತೆ. ಓದದವರಿಗೆ ಪುಟ್ಟಣ್ಣನವರ 'ನಾಗರಹಾವು' ಇದೆಯಲ್ಲ, 1972ರ ಸಿನಿಮಾ. ಪ್ರತಿ ಬಂಡೆ ಬಂದಾಗಲೂ "ಇದೇನಾ ಆ ಹಾಡಿನ ಜಾಗ?" ಅಂತ ಅವರು ಕೇಳಿ ಕೇಳಿ ಗೈಡ್ ಸುಸ್ತಾದ.

ತುಪ್ಪದ ಕೊಳದ ಬಂಡೆ ಹತ್ತೋದು ನನ್ನದೇ ಹಟ. ಕಡಿದಾದ ಬಂಡೆಯಲ್ಲಿ ಪಾದ ಇಡುವಷ್ಟೇ ಕೊರೆದ ಗುಂಡಿಗಳು, ಬೇರೆ ಮೆಟ್ಟಿಲು ಇಲ್ಲ. (ಮಳೆ ಬಂದಾಗ ದಯವಿಟ್ಟು ಹತ್ತಬೇಡಿ.) ಅರ್ಧ ದಾರಿಯಲ್ಲಿ ಕೆಳಗೆ ನೋಡಿದೆ, ಮೊಣಕಾಲು ನಡುಗಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅವರು ಮೇಲಿನಿಂದ ಮೊದಲು ಮರ್ಯಾದೆಯಾಗಿ "ನೀವು ಬಲಗಾಲು ಆ ಗುಂಡಿಯೊಳಗ ಇಡ್ರಿ" ಅಂದರು. ನಾನು ಅಲ್ಲಾಡಲಿಲ್ಲ. ಆಮೇಲೆ ಒಂದೇ ಸಲ ಕೂಗಿದರು: "ಏ, ಕೆಳಗ ನೋಡಬ್ಯಾಡ! ನನ್ನ ಕಡೆ ನೋಡು! ಕೈ ಕೊಡು!"

"ಕೈ ಜಾರ್ತಿದೆ ಕಣೋ!" ಅಂದೆ ನಾನು.

ಮೇಲೆ ಹೋಗಿ ಕೂತು ಐದು ನಿಮಿಷ ಇಬ್ಬರೂ ಏದುಸಿರು ಬಿಟ್ಟೆವು. ಸುತ್ತ ಗುಡ್ಡಗಳ ಮೇಲೆ ಗಾಳಿ ಗಿರಣಿಗಳು ತಿರುಗುತ್ತಿದ್ದವು. "ಕಣೋ ಅಂದಿ" ಅಂದ. "ನೀನೂ ಏ ಅಂದೆಯಲ್ಲ" ಅಂದೆ. ಇನ್ನು ಮುಂದೆ ಈ ಬರಹದಲ್ಲೂ ಅವನು ಅಂತಲೇ ಬರೀತೀನಿ.

ಸಂಜೆ ಮಂಡಕ್ಕಿ-ಮಿರ್ಚಿ ತಿಂದು ಮಲಗಿ, ಮರುದಿನ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಶಾಸನ ಇರುವ ಜಾಗ ಇದು, ಕೆರೆಯ ವಿಷಯ ಹೇಳುವ ಶಾಸನ. ಅಂಕಲಿ ಮಠದ ನೆಲದಡಿ ಕೋಣೆಗಳಲ್ಲಿ ಕತ್ತಲೆ ಅಂದ್ರೆ ಕತ್ತಲೆ, ಟಾರ್ಚ್ ಮತ್ತು ಗೊತ್ತಿದ್ದವರು ಜೊತೆಗಿಲ್ಲದೆ ಇಳಿಯಬೇಡಿ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದ್ದರು. ಚಂದ್ರವಳ್ಳಿಯ ಮಣ್ಣಿನಲ್ಲಿ ಸಾತವಾಹನರ ನಾಣ್ಯಗಳ ಜೊತೆ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ ಅಂತ ಗೊತ್ತಾದಾಗ ನಾನು ನಕ್ಕಿದ್ದು ನೋಡಿ ಗೈಡ್‌ಗೆ ಏನೂ ತಿಳಿಯಲಿಲ್ಲ. ನಾವು ರೋಮ್‌ಗೆ ಹೋಗಲಾಗಲಿಲ್ಲ, ರೋಮ್ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ವೀಸಾ ಇಲ್ಲದೆ ದುರ್ಗಕ್ಕೆ ಬಂದುಹೋಗಿತ್ತು.

ಹೊಸದುರ್ಗಕ್ಕೆ ಹೊಳಲ್ಕೆರೆ ಮೇಲೆಯೇ ಹೋಗಬೇಕು. ಅಜ್ಜಿಗೆ ಸುದ್ದಿ ಮುಟ್ಟಬಾರದು ಅಂತ ಕಿಟಕಿ ಗಾಜು ಏರಿಸಿಕೊಂಡು ಊರು ದಾಟಿದೆವು. ಹೊಸದುರ್ಗ ತಾಲೂಕಿನ ಹೆಗ್ಗೆರೆಗೆ ಹನಿಮೂನ್‌ಗೆ ಅಂತ ಬಂದವರು ಬಹುಶಃ ನಾವೇ ಮೊದಲು. ಅಲ್ಲೊಂದು ಪಾರ್ಶ್ವನಾಥ ಬಸದಿ ಇದೆ. ಹೊಯ್ಸಳರ ಕಾಲದ್ದು, ಕಪ್ಪು ಕಲ್ಲಿನದು, ದೊಡ್ಡದೇನಲ್ಲ. ಬೇಲೂರಿನ ಜನಜಂಗುಳಿ ಇಲ್ಲ, ಫೋಟೋದವರಿಲ್ಲ. ಒಳಗೆ ನುಣುಪು ಕಂಬಗಳ ತಂಪು. 1160ರ ಸುಮಾರಿಗೆ ಮಹಾಸಾಮಂತ ಗೋವಿದೇವ ಅನ್ನುವವನು ತೀರಿಹೋದ ಹೆಂಡತಿ ಮಹಾದೇವಿ ನಾಯಕಿತಿಯ ನೆನಪಿಗೆ ಕಟ್ಟಿಸಿದ ಬಸದಿ ಇದು. ತಾಜ್ ಮಹಲಿಗಿಂತ ನಾಲ್ಕೂವರೆ ಶತಮಾನ ಹಿಂದೆ.

ನಾನು ಫೋನಲ್ಲಿ ಓದಿಕೊಂಡಿದ್ದನ್ನ ಗಡಗಡ ಹೇಳಿ ಮುಗಿಸಿ ತಿರುಗಿದರೆ ಅವನು ಕಂಬಕ್ಕೆ ಒರಗಿ ನಿಂತಿದ್ದ. ಆಮೇಲೆ ಕೂತ. ಅವ್ವ ಆಸ್ಪತ್ರೆಯಲ್ಲಿದ್ದ ಕೊನೆಯ ಹನ್ನೊಂದು ದಿನದ ಬಗ್ಗೆ ಮೊದಲ ಸಲ ಹೇಳಿದ. ಅವಳು ಹೋದ ಮೇಲೆ ಅಪ್ಪ ಅವಳ ಹೆಸರನ್ನೇ ಎತ್ತುತ್ತಿಲ್ಲ, ಅವಳ ಚಪ್ಪಲಿ ಮಾತ್ರ ಇನ್ನೂ ಬಾಗಿಲಲ್ಲೇ ಇವೆ ಅಂದ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ, ಪಕ್ಕ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಬಸದಿಯ ಫೋಟೋ ತೆಗೆದು, ಯಾರು ಯಾರಿಗೆ ಕಟ್ಟಿಸಿದ್ದು ಅಂತ ಒಂದು ಸಾಲು ಬರೆದು ಮಾವನವರಿಗೆ ಕಳಿಸಿದ. ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಮತ್ತೋಡಿನ ಮಾತು ಬಂತು. ಇನ್ನೂರು ವರ್ಷದ ಹಿಂದೆ ಬುಕಾನನ್ ಈ ಸೀಮೆಗೆ ಬಂದಾಗ ಮತ್ತೋಡಿನಲ್ಲಿ ಬಳೆಗೆ ಗಾಜು ಮಾಡುತ್ತಿದ್ದುದನ್ನ ಬರೆದಿಟ್ಟಿದ್ದಾನೆ. ಅದನ್ನ ನೆಪ ಮಾಡಿ ಹೊಸದುರ್ಗದ ಪೇಟೆಯಲ್ಲಿ ಎರಡು ಡಜನ್ ಹಸಿರು ಬಳೆ ಕೊಡಿಸಿಕೊಂಡೆ.

ಹೊಳಲ್ಕೆರೆಯಲ್ಲಿ ಮೊದಲು ಬಯಲು ಗಣಪತಿ. ಮೇಲೆ ಗುಡಿಯ ಛಾವಣಿಯಿಲ್ಲದೆ, ಬಿಸಿಲು ಮಳೆಗೆ ಮೈಯೊಡ್ಡಿ ಕೂತ ದೊಡ್ಡ ಗಣಪ. ಚಿಕ್ಕವಳಿದ್ದಾಗ ಇವನಿಗೆ ಚಳಿ ಆಗಲ್ವಾ ಅಂತ ಅಜ್ಜಿಯನ್ನ ಕೇಳುತ್ತಿದ್ದೆನಂತೆ. ಕೈಮುಗಿದು ಮನೆಗೆ ಹೋದರೆ ಅಜ್ಜಿ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನಿನ್ನೆ ಊರು ದಾಟಿ ಹೋದ್ರಂತೆ? ಬಸ್ ಸ್ಟ್ಯಾಂಡ್ ಹೂವಿನವನು ನೋಡ್ಯವನೆ."

ಕಾಲಿಗೆ ಬಿದ್ದೆವು. ಊಟಕ್ಕೆ ಕೂತಾಗ ನಾನು ಮರೆತು "ಏಯ್, ಇನ್ನೊಂದು ರೊಟ್ಟಿ ಹಾಕಿಸ್ಕೋ" ಅಂದುಬಿಟ್ಟೆ. ಅಜ್ಜಿ ಬಡಿಸುತ್ತಿದ್ದ ಚಿಕ್ಕಮ್ಮನ ಕಡೆ ನೋಡಿದಳು, ಇಬ್ಬರೂ ಸೆರಗು ಬಾಯಿಗೆ ಹಿಡಿದುಕೊಂಡರು.

ರಾತ್ರಿ ಹತ್ತರ ಮೇಲೆ ಮಾವನವರ ಮೆಸೇಜ್ ಬಂತು. "ಆ ಬಸದಿಗೆ ಧಾರವಾಡದಿಂದ ರೈಲು ಅದ ಏನು?"

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಇಳಿದರೆ ಆಯ್ತು ಅಂತ ಬರೆದೆವು.