ಮರುಕಳಿಸುವ ಲೈಂಗಿಕ ಸೋಂಕು: ವಂಶವಾಹಿಗಳ ಪಾತ್ರವೆಷ್ಟು?

ಚಿಕಿತ್ಸೆ ಪಡೆದು ಗುಣಮುಖರಾದವರಲ್ಲಿ ಕೆಲವರಿಗೆ ಗೊನೋರಿಯ, ಕ್ಲಮೈಡಿಯ ಮುಂತಾದ ಲೈಂಗಿಕ ಸೋಂಕುಗಳು ಮತ್ತೆ ಮತ್ತೆ ತಗಲುವುದುಂಟು. ಇಂತಹವರು, ಅದರಲ್ಲಿಯೂ ಗೃಹಿಣಿಯರು, ತಮ್ಮ ರಕ್ತದಲ್ಲಿಯೇ ದೋಷವಿದೆಯೆಂದು ಭಾವಿಸಿ ಮೌನವಾಗಿ ನರಳುವ ಸಂಭವವಿದೆ. ಈ ಭಾವನೆಯಲ್ಲಿ ನಿಜವೆಷ್ಟು?

ರೋಗನಿರೋಧಕ ಶಕ್ತಿಯು ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ರೋಗಾಣುಗಳನ್ನು ಗುರುತಿಸಿ ಎದುರಿಸುವ ಪ್ರೋಟೀನುಗಳ ರಚನೆಯು ವಂಶವಾಹಿಗಳಿಂದ ನಿರ್ಧಾರವಾಗುತ್ತದೆ. ರಕ್ತದಲ್ಲಿರುವ 'ಕಾಂಪ್ಲಿಮೆಂಟ್' ಎಂಬ ಪ್ರೋಟೀನು ಸಮೂಹದ ಕೊನೆಯ ಹಂತದ ಘಟಕಗಳು ಹುಟ್ಟಿನಿಂದಲೇ ಇಲ್ಲದವರಲ್ಲಿ, ಗೊನೋರಿಯ ರೋಗಾಣು ಸೇರಿದ ನೈಸೀರಿಯ ಗುಂಪಿನ ಬ್ಯಾಕ್ಟೀರಿಯಗಳು ರಕ್ತಕ್ಕಿಳಿದು ಪದೇ ಪದೇ ರೋಗವನ್ನುಂಟುಮಾಡಬಲ್ಲವು. ಆದರೆ ಈ ಕೊರತೆ ತೀರ ವಿರಳ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಎಚ್.ಐ.ವಿ.ಯು ಜೀವಕೋಶವನ್ನು ಪ್ರವೇಶಿಸಲು ಬಳಸುವ 'ಸಿಸಿಆರ್5' ಎಂಬ ದ್ವಾರದ ವಂಶವಾಹಿಯಲ್ಲಿ ಒಂದು ತುಣುಕು ಲೋಪವಾಗಿರುವುದನ್ನು 1996ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ತಂದೆ ತಾಯಿ ಇಬ್ಬರಿಂದಲೂ ಈ ಲೋಪವನ್ನು ಪಡೆದವರಿಗೆ ಎಚ್.ಐ.ವಿ.ಯಿಂದ ಬಹುಮಟ್ಟಿನ ರಕ್ಷಣೆ ದೊರೆಯುತ್ತದೆ. ಭಾರತೀಯರಲ್ಲಿ ಇದು ಅತಿ ವಿರಳ.

ಹಾಗಾದರೆ ಹೆಚ್ಚಿನವರಲ್ಲಿ ಸೋಂಕು ಮರುಕಳಿಸಲು ಕಾರಣವೇನು? ತಳೇಗಾಂವ ದಾಭಾಡೆಯಂತಹ ಹೆದ್ದಾರಿ ಬದಿಯ ಪಟ್ಟಣಗಳುಳ್ಳ ಪುಣೆ ಜಿಲ್ಲೆಯ ಅನುಭವ ಇಲ್ಲಿ ಬೋಧಪ್ರದವಾಗಿದೆ. ಪುಣೆಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ 1993ರಿಂದ 1996ರವರೆಗೆ ಬಂದ ಮಹಿಳೆಯರ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಅವರಲ್ಲಿ ಲೈಂಗಿಕ ವೃತ್ತಿಯಲ್ಲಿ ಇಲ್ಲದ ಮಹಿಳೆಯರ ಪೈಕಿ ಶೇಕಡಾ 13.6ರಷ್ಟು ಮಂದಿಗೆ ಎಚ್.ಐ.ವಿ. ತಗಲಿತ್ತು. ಇವರಲ್ಲಿ ಬಹುತೇಕರು ಪತಿಯೊಬ್ಬನನ್ನೇ ಬಲ್ಲ ವಿವಾಹಿತೆಯರು. ಸೋಂಕಿನ ಮೂಲ ಅವರ ರಕ್ತದಲ್ಲಿರಲಿಲ್ಲ, ದಾಂಪತ್ಯದಲ್ಲಿಯೇ ಇತ್ತು.

ಮರುಸೋಂಕಿನ ಬಗೆಯೂ ಇದೇ. ಒಮ್ಮೆ ಗೊನೋರಿಯ ಬಂದು ಹೋದರೂ ಶಾಶ್ವತ ನಿರೋಧಶಕ್ತಿ ಬೆಳೆಯುವುದಿಲ್ಲ. ಪತ್ನಿ ಮಾತ್ರ ಔಷಧಿ ಸೇವಿಸಿ, ಪತಿ ಸೇವಿಸದಿದ್ದರೆ ರೋಗಾಣು ಮತ್ತೆ ಅವಳನ್ನು ಸೇರುತ್ತದೆ. ಅನೇಕರಲ್ಲಿ ಲಕ್ಷಣಗಳೇ ಕಾಣಿಸದಿರುವುದರಿಂದ ರೋಗವು ಒಳಗೊಳಗೇ ಬಲಿತು ಬಂಜೆತನಕ್ಕೂ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೂ ಎಡೆಯಾಗಬಹುದು.

ಆದುದರಿಂದ ದಂಪತಿಗಳಿಬ್ಬರೂ ಒಂದೇ ಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆಯಬೇಕು. ವೈದ್ಯರು ಹೇಳುವವರೆಗೆ ಸಮಾಗಮವನ್ನು ತ್ಯಜಿಸಿ, ಸುಮಾರು 3 ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ನಿರೋಧ್ ಬಳಕೆಯೂ ರಕ್ಷಣೆ ನೀಡುತ್ತದೆ. ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ' ಚಿಕಿತ್ಸಾಲಯಗಳಲ್ಲಿ ಸಲಹೆ ಮತ್ತು ಔಷಧಿ ಉಚಿತವಾಗಿ ದೊರೆಯುತ್ತವೆ, ವಿವರಗಳನ್ನು ಗೋಪ್ಯವಾಗಿಡಲಾಗುತ್ತದೆ. ಉಚಿತ ದೂರವಾಣಿ 1097ರಲ್ಲಿಯೂ ಮಾಹಿತಿ ಲಭ್ಯ. ವಂಶವಾಹಿಗಳನ್ನು ಬದಲಿಸುವುದು ಯಾರ ಕೈಯಲ್ಲಿಯೂ ಇಲ್ಲ. ಜೊತೆಗೂಡಿ ಚಿಕಿತ್ಸೆ ಪಡೆಯುವುದು ಪ್ರತಿ ದಂಪತಿಗಳಿಗೂ ಸಾಧ್ಯ.