ಶಕುಂತಲೆಯ ಕಾಡನ್ನು ನಕಲು ಮಾಡಿದ ಬಗೆ

ಗುಂಡ್ಲುಪೇಟೆಯ ನಮ್ಮ ಅಜ್ಜಿಯ ಮನೆಯಲ್ಲಿ ರವಿವರ್ಮನ ಶಕುಂತಲೆಯ ಹಳೆಯ ಅಚ್ಚುಚಿತ್ರವೊಂದಿದೆ. ಕಾಲಿನ ಮುಳ್ಳು ತೆಗೆಯುವ ನೆವದಿಂದ ಅವಳು ಹಿಂತಿರುಗಿ ನೋಡುವ ಭಂಗಿ ವಾಚಕರಿಗೆ ಪರಿಚಿತವೇ. ಗೋಡೆಯ ತೇವದಿಂದ ಚಿತ್ರದ ಒಂದು ಕೆಳಮೂಲೆ ಗೆದ್ದಲಿನ ಪಾಲಾಗಿತ್ತು. ಉಳಿದದ್ದೂ ಹಾಳಾಗುವ ಮೊದಲು ತೈಲವರ್ಣದಲ್ಲಿ ನಕಲು ಮಾಡಿಕೊಡುತ್ತೇನೆಂದು ಅಜ್ಜಿಗೆ ಮಾತು ಕೊಟ್ಟುಬಿಟ್ಟೆ. ಚಾಮರಾಜನಗರದಲ್ಲಿ ಓದುತ್ತಿದ್ದ ನನಗೆ ಆಗ ಜಲವರ್ಣದ ಹೊರತು ಬೇರೇನೂ ತಿಳಿಯದು.

ಚಿತ್ರದ ಮೇಲೆ ಚೌಕಗಳನ್ನು ಎಳೆದು, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳನ್ನು ಎಳೆದುಕೊಂಡರೆ ಆಕಾರಗಳು ಹೇಗೋ ಕೂಡುತ್ತವೆ. ಕಷ್ಟವಿರುವುದು ಬಣ್ಣದಲ್ಲಿ. ಜಲವರ್ಣ ನೀರು ಆವಿಯಾಗಿ ಒಣಗುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆಯಾದರೋ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ. ಆದುದರಿಂದ ಅಡಿಯ ಪದರದಲ್ಲಿ ಎಣ್ಣೆ ಕಡಿಮೆ, ಟರ್ಪೆಂಟೈನ್ ಹೆಚ್ಚು ಇರಬೇಕು; ಮೇಲೆ ಹೋದಂತೆ ಎಣ್ಣೆ ಹೆಚ್ಚಬೇಕು. ನಾನು ಇದನ್ನು ತಿರುಗುಮುರುಗು ಮಾಡಿದೆ. ಮೇಲಿನ ತೆಳು ಬಣ್ಣ ಬೇಗ ಒಣಗಿ ಬಿರುಸಾಯಿತು, ಅಡಿಯದು ಇನ್ನೂ ಹಸಿ. ಕೆಲವು ತಿಂಗಳಲ್ಲಿ ನನ್ನ ಆಕಾಶ ಬೇಸಿಗೆಯ ಕೆರೆಯಂಗಳದಂತೆ ಬಿರಿಯಿತು. ಆ ಕ್ಯಾನ್ವಾಸನ್ನು ಎಸೆದು ಮತ್ತೆ ಮೊದಲಿಂದ ಆರಂಭಿಸಬೇಕಾಯಿತು.

ಎರಡನೆಯ ಸಲ ಇನ್ನೊಂದು ಬಗೆಯ ಮೋಸವಾಯಿತು. ಮೂಲದ ಬೆಳಕು ಹೊಂಬಣ್ಣವಾಗಿದ್ದುದರಿಂದ ಇದು ಸಂಜೆಯ ಕಾಡೆಂದು ನಂಬಿ ಎಲ್ಲಕ್ಕೂ ಹಳದಿ ಬೆರೆಸುತ್ತಿದ್ದೆ. ಒಂದು ದಿನ ಚಿತ್ರವನ್ನು ಕಟ್ಟಿನಿಂದ ಬಿಡಿಸಿದಾಗ, ಮರದಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ ಬಣ್ಣವೇ ಬೇರೆಯಾಗಿತ್ತು: ತಿಳಿಯಾದ ನೀಲಿ, ತಣ್ಣನೆಯ ಹಸಿರು! ನಾನು ನಕಲು ಮಾಡುತ್ತಿದ್ದುದು ರವಿವರ್ಮನ ಸಂಜೆಯನ್ನಲ್ಲ, ಹಳೆಯ ಮೆರುಗೆಣ್ಣೆಯನ್ನೂ ಅಡಿಗೆಮನೆಯ ಹೊಗೆಯನ್ನೂ.

ಅಚ್ಚುಚಿತ್ರವನ್ನು ಎಷ್ಟು ನೋಡಿದರೂ ಕುಂಚದ ನಡೆ ತಿಳಿಯದು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಲ್ಲಿ ಬಣ್ಣಬಣ್ಣಕ್ಕೂ ಬೇರೆ ಕಲ್ಲಿನಿಂದ ಅಚ್ಚು ಹಾಕುತ್ತಿದ್ದರು; ಅಲ್ಲಿ ಕುಂಚದ ಗುರುತೆಲ್ಲಿಂದ ಬರಬೇಕು? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ತೈಲಚಿತ್ರಗಳಿವೆ. ಅಲ್ಲಿ ಹೋಗಿ ಅರ್ಧ ದಿನ ನಿಂತೆ. ನೆರಳನ್ನು ತೆಳ್ಳಗೆ, ಬೆಳಕನ್ನು ದಪ್ಪಗೆ ಹಚ್ಚುವುದೆಂಬ ಮಾತನ್ನು ಓದಿದ್ದೆನಾದರೂ ಅರ್ಥವಾದದ್ದು ಅಂದೇ.

ಇನ್ನು ಗೆದ್ದಲು ತಿಂದ ಮೂಲೆ. ಅಲ್ಲಿ ನಕಲು ಮಾಡಲು ಏನೂ ಇಲ್ಲ. ಕಾಡನ್ನು ನಾನೇ ತರಬೇಕು. ಗುಂಡ್ಲುಪೇಟೆಯಿಂದ ಊಟಿಯ ಬಸ್ಸು ಹತ್ತಿದರೆ ಬಂಡೀಪುರ ದೂರವಿಲ್ಲ. ಕಾಡಿನೊಳಗೆ ಇಳಿಯುವಂತಿಲ್ಲವಾದ್ದರಿಂದ ಕಿಟಕಿಯಿಂದಲೇ ನೋಡಿದೆ. ಮಾರ್ಚ್ ತಿಂಗಳು: ತೇಗ, ಮತ್ತಿ, ದಿಂಡಿಗ ಎಲೆಯುದುರಿಸಿ ನಿಂತಿದ್ದವು. ನೆರಳು ಕಪ್ಪಲ್ಲ, ನೇರಳೆ ಬೆರೆತ ಕಂದು. ದೂರದ ಮರಗಳು ದೂರ ಹೋದಷ್ಟೂ ತಿಳಿಯಾಗಿ ಗೋಪಾಲಸ್ವಾಮಿ ಬೆಟ್ಟದ ನೀಲಿಯೊಳಗೆ ಕರಗುತ್ತಿದ್ದವು. ಮನೆಗೆ ಬಂದವನೇ ಕಪ್ಪು ಬಣ್ಣದ ಟ್ಯೂಬನ್ನು ಪೆಟ್ಟಿಗೆಯೊಳಗಿಟ್ಟು, ಬರ್ಂಟ್ ಅಂಬರಿಗೆ ಅಲ್ಟ್ರಾಮರೀನ್ ಬೆರೆಸಿ ಆ ಮೂಲೆಯನ್ನು ಒಂದೇ ವಾರದಲ್ಲಿ ತುಂಬಿದೆ. ಇಡೀ ಚಿತ್ರದಲ್ಲಿ ನನಗೆ ಮೆಚ್ಚಿಕೆಯಾದದ್ದು ಆ ಒಂದು ಗೇಣು ಜಾಗ.

ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಶಕುಂತಲೆಯ ಮುಖದ ಬಗ್ಗೆ ಏನೂ ಹೇಳಲಿಲ್ಲ. ಬೆರಳು ಆ ಮೂಲೆಯ ಮೇಲೆ ನಿಂತಿತು.

"ಏನ್ ಮಗ, ಕಣ್ವರ ಆಶ್ರಮದಲ್ಲೂ ಬರಗಾಲ್ವಾ?"

ಕುಂಚವನ್ನು ಮತ್ತೆ ತೊಳೆದು, ಅಲ್ಲಿ ನಾಲ್ಕು ಹಸಿರೆಲೆ ಬರೆದೆ. ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ. ಮೆರುಗೆಣ್ಣೆ ಹಚ್ಚಲು ಇನ್ನೂ ಆರು ತಿಂಗಳು ಕಾಯಬೇಕು.